ಪೆನ್ಸಿಲ್ ತಾಗುವಷ್ಟು ಜಾಗ

ಫೋಟೋಗ್ರಫಿಗೆ ನಾನು ಬಂದದ್ದು ಪೆನ್ಸಿಲ್ ಹಿಡಿದುಕೊಂಡು. ದಾವಣಗೆರೆಯ ಚೌಕಿಪೇಟೆಯ ಓಣಿಯೊಂದರಲ್ಲಿ ಅಪ್ಪನದೊಂದು ಸಣ್ಣ ಸ್ಟುಡಿಯೋ ಇತ್ತು. ಮುಂದೆ ಗಿರಾಕಿಗಳು ಕೂರುವ ಬೆಂಚು, ನಡುವೆ ಪರದೆ ಮತ್ತು ಎರಡು ದೊಡ್ಡ ಲೈಟು, ಹಿಂದೆ ಡಾರ್ಕ್ ರೂಮು, ಮೇಲೆ ನಮ್ಮ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ಬೇಸಿಗೆಯಲ್ಲಿ ಅಪ್ಪ ಗಟ್ಟಿ ಸೀಸದ ಪೆನ್ಸಿಲೊಂದನ್ನೂ ಉಪ್ಪುಕಾಗದದ ತುಂಡನ್ನೂ ಕೈಗೆ ಕೊಟ್ಟು, ಅರ್ಧ ಅಂಗುಲ ಸೀಸ ಹೊರಬರುವಂತೆ ಹೆರೆದು ತಿಕ್ಕು ಎಂದರು. ಸಂಜೆ ಬಂದು ನೋಡಿ, "ಇನ್ನಾ ಚೂಪು ಬರ್ಬೇಕವ್ವಾ, ಇದು ಲೆಕ್ಕ ಬರೆಯೋ ಪೆನ್ಸಿಲ್ ಆತು" ಅಂದರು.

ಟಚಿಂಗ್ ಎಂಬ ಆ ಕೆಲಸ ಈಗಿನವರು ಕಂಡಿರಲಾರರು. ನೆಗೆಟಿವ್‌ನ ಮೇಲೆ ಮೊದಲು ಅಂಟಂಟಾದ ಒಂದು ದ್ರವವನ್ನು ಅರಿವೆಯಿಂದ ತೆಳ್ಳಗೆ ಸವರಬೇಕು. ಇಲ್ಲದಿದ್ದರೆ ಸೀಸ ಹಿಡಿಯುವುದಿಲ್ಲ. ಆಮೇಲೆ ಅದನ್ನು ಉಜ್ಜುಗಾಜು ಕೂರಿಸಿದ ಇಳಿಜಾರು ಡೆಸ್ಕಿನ ಮೇಲಿಟ್ಟು, ಕಿಟಕಿಯ ಬೆಳಕು ಗಾಜಿನ ಕೆಳಗಿನಿಂದ ಬರುವಂತೆ ಕನ್ನಡಿ ತಿರುಗಿಸಿ, ಭೂತಗನ್ನಡಿಯಲ್ಲಿ ನೋಡುತ್ತ ಕಲೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ಪೆನ್ಸಿಲಿನ ಸಣ್ಣ ಸಣ್ಣ ಸುರುಳಿಗಳಿಂದ ತುಂಬಬೇಕು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು. ಮುಖದ ಮೇಲಿನ ಕಪ್ಪು ಚುಕ್ಕೆ ಅಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಸೀಸ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಬೆಳ್ಳಗಿರುವುದನ್ನು ಕಪ್ಪಾಗಿಸಬೇಕಾದರೆ ಬ್ಲೇಡಿನ ತುದಿಯಿಂದ ಎಮಲ್ಷನ್ ಹೆರೆಯಬೇಕು. ಸೀಸವನ್ನು ಒರೆಸಬಹುದು, ಹೆರೆದದ್ದನ್ನು ಮರಳಿ ಹಚ್ಚಲಾಗದು. ಹಾಗಾಗಿ ಬ್ಲೇಡು ನನ್ನ ಕೈಗೆ ಬಂದದ್ದು ಬಹಳ ತಡವಾಗಿ.

ಈ ಕೆಲಸಕ್ಕೆಲ್ಲ ಆಧಾರ ನೆಗೆಟಿವ್‌ನ ಅಳತೆ. ಅಪ್ಪನ ಕ್ಯಾಮರಾ ಯಾಶಿಕಾ 635, ಮೇಲೊಂದು ಕೆಳಗೊಂದು ಲೆನ್ಸಿನ ಜಪಾನಿ ಪೆಟ್ಟಿಗೆ, 1958ರಲ್ಲಿ ಬಂದ ಮಾದರಿ. ಅದಕ್ಕೆ ಹಾಕುವುದು 120 ರೋಲು. ಕೊಡಕ್ ಕಂಪನಿ 1901ರಲ್ಲಿ ತನ್ನ ಬ್ರೌನಿ ಡಬ್ಬಿ ಕ್ಯಾಮರಾಕ್ಕೆಂದು ತಂದ ಈ ರೋಲು ಇವತ್ತಿಗೂ ಅದೇ ಅಗಲದಲ್ಲಿ ತಯಾರಾಗುತ್ತಿದೆ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಆರು ಸೆಂಟಿಮೀಟರ್ ಎಂದು ಬಾಯಿಮಾತಿಗೆ ಹೇಳಿದರೂ ಒಂದೊಂದು ಚೌಕ ನಿಜವಾಗಿ 56 ಮಿಲಿಮೀಟರ್. ಆಮೇಲೆ ಎಲ್ಲರ ಕೈಗೂ ಬಂದ 35 ಎಂಎಂ ರೀಲಿನ ಚೌಕಟ್ಟು 24ಕ್ಕೆ 36. ಲೆಕ್ಕ ಹಾಕಿದರೆ ನಮ್ಮದು ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು ವಿಸ್ತೀರ್ಣ. ಎದೆಮಟ್ಟದ ಫೋಟೋ ತೆಗೆದರೆ ನಮ್ಮ ನೆಗೆಟಿವ್‌ನಲ್ಲಿ ತಲೆಯೊಂದೇ ಎರಡು ಸೆಂಟಿಮೀಟರಿಗೆ ಬರುತ್ತಿತ್ತು. ಕಣ್ಣು, ಮೂಗಿನ ನೆರಳು, ತುಟಿಯ ಅಂಚು, ಎಲ್ಲಕ್ಕೂ ಪೆನ್ಸಿಲಿನ ಮೊನೆಗೆ ಜಾಗವಿತ್ತು. ಅಪ್ಪನ ಗುರುಗಳು ಗಾಜಿನ ಪ್ಲೇಟಿನ ಕಾಲದವರು, ಇದಕ್ಕಿಂತ ಎಷ್ಟೋ ದೊಡ್ಡ ನೆಗೆಟಿವ್‌ನ ಮೇಲೆ ಕೆಲಸ ಮಾಡಿದವರು. ಅವರಿಗೆ 120 ರೋಲೇ ಬಲು ಚಿಕ್ಕದು. ಕೈಯಿಂದ ತಿದ್ದಬಹುದಾದ ಕಟ್ಟಕಡೆಯ ಅಳತೆ ಅದು ಎಂದು ನನಗೆ ಈಗ ಅನ್ನಿಸುತ್ತದೆ. ಹಳೆಯ ಮೀಡಿಯಂ ಫಾರ್ಮ್ಯಾಟ್ ಕ್ಯಾಮರಾಗಳ ಬಗ್ಗೆ ಜನ ಇವತ್ತು ಲೆನ್ಸಿನ ಗುಣ, ಹಿನ್ನೆಲೆಯ ಮಬ್ಬು, ಬಣ್ಣದ ಸೊಬಗು ಎಂದೆಲ್ಲ ಮಾತಾಡುತ್ತಾರೆ. ಅವೆಲ್ಲ ಇರಲಿ. ನನ್ನ ಮಟ್ಟಿಗೆ ಆ ಕ್ಯಾಮರಾದ ಮೊದಲ ಗುಣ ಈ ಜಾಗ.

ಎನ್‌ಲಾರ್ಜರ್ ಇಲ್ಲದ ಬಡ ಸ್ಟುಡಿಯೋಗೂ ಈ ಅಳತೆ ಅನ್ನ ಕೊಟ್ಟಿದೆ. ನೆಗೆಟಿವ್ ಮೇಲೆ ಕಾಗದವನ್ನು ನೇರವಾಗಿ ಒತ್ತಿ ಬೆಳಕು ಕೊಟ್ಟರೆ ಕೈಯಲ್ಲಿ ಹಿಡಿದು ನೋಡುವಷ್ಟು ದೊಡ್ಡ ಪ್ರಿಂಟು ಸಿಗುತ್ತಿತ್ತು. ಪೇಟೆಯ ಅನುಕೂಲಸ್ಥರ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ 3 ಕ್ಯಾಮರಾಕ್ಕೂ ಇದೇ ರೋಲು. ಪ್ರವಾಸ ಹೋಗಿ ಬಂದವರು ರೋಲು ತಂದುಕೊಟ್ಟು, ಹಲ್ಲಂಚಿನ ಸಣ್ಣ ಪ್ರಿಂಟುಗಳನ್ನು ಒಯ್ಯುತ್ತಿದ್ದರು. ಅದರಲ್ಲಿ ಚಂದ ಬಂದದ್ದೊಂದನ್ನು ಮಾತ್ರ ದೊಡ್ಡದು ಮಾಡಿಸುತ್ತಿದ್ದರು.

ಅವು ಹತ್ತಿಯ ಗಿರಣಿಗಳ ದಿನಗಳು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಇನ್ನೂ ಹೊಂದುತ್ತಿತ್ತು. ಪಾಳಿ ಬಿಟ್ಟ ಮೇಲೆ ಕೂದಲಿಗೆ ಅಂಟಿದ ಹತ್ತಿಯ ಎಳೆಗಳ ಸಮೇತ ಕಾರ್ಮಿಕರು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಕನ್ನಡಿಯ ಮುಂದೆ ಬಾಚಣಿಗೆ, ಪೌಡರ್ ಡಬ್ಬಿ, ಒಂದು ಕೋಟು ಸದಾ ಇರುತ್ತಿದ್ದವು. ನಾಟಕದ ಊರು ಬೇರೆ, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಹಳ್ಳಿಗಳಲ್ಲಿ ಆಟ ಆಡುವ ಹವ್ಯಾಸಿಗಳು ಬಣ್ಣ ಬಳಿದು ಕಿರೀಟ ಇಟ್ಟುಕೊಂಡೇ ಸ್ಟುಡಿಯೋಕ್ಕೆ ಬರುತ್ತಿದ್ದರು. ಅವರಲ್ಲಿ ಕೆಲವರಿಗೆ ಡಬಲ್ ಆ್ಯಕ್ಟಿಂಗ್ ಫೋಟೋ ಬೇಕು: ಒಂದೇ ಚಿತ್ರದಲ್ಲಿ ತಾನೇ ರಾಮ, ತಾನೇ ರಾವಣ. ಯಾಶಿಕಾ 635ರಲ್ಲಿ ರೋಲು ತಿರುಗಿಸುವ ಗುಂಡಿ ಬೇರೆ, ಷಟರ್ ಏರಿಸುವ ಲಿವರ್ ಬೇರೆ. ರೋಲು ಮುಂದೆ ಹೋಗದಿದ್ದರೂ ಷಟರನ್ನು ಮತ್ತೆ ಏರಿಸಿ ಹೊಡೆಯಬಹುದು. ಅಪ್ಪ ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಹಿಡಿದು ಒಮ್ಮೆ, ಮತ್ತೊಂದು ಅರ್ಧಕ್ಕೆ ಹಿಡಿದು ಇನ್ನೊಮ್ಮೆ ಹೊಡೆಯುತ್ತಿದ್ದರು. ಗಿರಾಕಿ ನಡುವೆ ಎದ್ದು ವೇಷ ಬದಲಿಸಿ ಬರಬೇಕು, ಕ್ಯಾಮರಾ ಕೂದಲೆಳೆಯಷ್ಟೂ ಅಲುಗಬಾರದು. ಇದೇ ಏರ್ಪಾಡು ಮದುವೆ ಮನೆಯಲ್ಲಿ ಶತ್ರು. ಗಡಿಬಿಡಿಯಲ್ಲಿ ರೋಲು ತಿರುಗಿಸುವುದು ಮರೆತರೆ ಧಾರೆಯ ಮೇಲೆ ಊಟದ ಪಂಕ್ತಿ ಕೂತುಬಿಡುತ್ತದೆ. ಹೊಡೆದ ಕೂಡಲೇ ತಿರುಗಿಸುವುದು ಅಪ್ಪನಿಗೆ ಉಸಿರಾಟದಷ್ಟೇ ಸಹಜವಾಗಿತ್ತು. ಮಾತಾಡುತ್ತಿದ್ದರೂ ಬಲಗೈ ತನ್ನ ಕೆಲಸ ಮಾಡಿ ಮುಗಿಸಿರುತ್ತಿತ್ತು.

ಮದುವೆಗಳ ಮಾತು ಬಂದಾಗ ಈ ಕ್ಯಾಮರಾದ ಕಷ್ಟಗಳನ್ನೂ ಹೇಳಿಬಿಡಬೇಕು. ಹನ್ನೆರಡೇ ಚಿತ್ರ. ರೋಲು ಮುಗಿದರೆ ನೆರಳಿಗೆ ಹೋಗಿ ಬೆನ್ನು ತೆಗೆಯಬೇಕು, ಮುಗಿದ ರೋಲಿನ ತುದಿಯ ಅಂಟುಪಟ್ಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿ ಬಿಗಿಯಾಗಿ ಅಂಟಿಸಬೇಕು (ಸಡಿಲವಾದರೆ ಅಂಚಿಗೆಲ್ಲ ಬೆಳಕು ಬಡಿಯುತ್ತದೆ), ಖಾಲಿ ಸ್ಪೂಲನ್ನು ಮೇಲಕ್ಕೆ ಹಾಕಿ ಹೊಸದನ್ನು ಕೆಳಗೆ ಕೂರಿಸಿ, ಕಾಗದದ ಬಾಣದ ಗುರುತು ಚುಕ್ಕೆಗೆ ಸರಿಯಾಗಿ ಬರುವವರೆಗೆ ಸುತ್ತಿ, ಬೆನ್ನು ಮುಚ್ಚಿ, ಒಂದು ಎಂಬ ಅಂಕಿ ಬರುವವರೆಗೆ ತಿರುಗಿಸಬೇಕು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಅದಕ್ಕೇ ಗಟ್ಟಿಮೇಳಕ್ಕೆ ಮುಂಚೆ ಎರಡು ಮೂರು ಚಿತ್ರ ಉಳಿದಿದ್ದರೂ ಆ ರೋಲನ್ನು ಸುತ್ತಿ ತೆಗೆದು ಹೊಸದು ಹಾಕಿಬಿಡುವುದು ಕಸುಬಿನ ಪದ್ಧತಿಯಾಗಿತ್ತು. ಫಿಲ್ಮಿನ ಬೆಲೆ ಬಲ್ಲ ಅಪ್ಪನಿಗೆ ಇದು ಪ್ರತಿ ಮದುವೆಯಲ್ಲೂ ಸಂಕಟದ ಗಳಿಗೆ. ವಿದೇಶಿ ಫಿಲ್ಮಿನ ಆಮದಿಗೆ ಸರ್ಕಾರದ ಕಟ್ಟುಪಾಡು ಇದ್ದ ಕಾಲ. ಪೂರ್ವ ಜರ್ಮನಿಯ ಓರ್ವೋ ಸಿಕ್ಕರೆ ಹಬ್ಬ. ಇಲ್ಲವಾದರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೋಲು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿದ ಆ ಸರ್ಕಾರಿ ಕಾರ್ಖಾನೆ ಇಲ್ಲದಿದ್ದರೆ ದಾವಣಗೆರೆಯಂಥ ಊರಿನ ಎಷ್ಟೋ ಮನೆಗಳ ಗೋಡೆಗಳು ಖಾಲಿ ಇರುತ್ತಿದ್ದವು.

ಇನ್ನು ಗಾಜಿನಲ್ಲಿ ಕಾಣುವ ಚಿತ್ರ. ಈ ಕ್ಯಾಮರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ, ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವುದು. ಮೇಲಿನ ಲೆನ್ಸಿನಿಂದ ಬಂದ ಬೆಳಕು ಒಳಗಿನ ಓರೆಗನ್ನಡಿಗೆ ತಾಗಿ ಗಾಜಿನ ಮೇಲೆ ಬೀಳುತ್ತದೆ. ತಲೆ ಮೇಲೆ ಕಾಲು ಕೆಳಗೆ ಸರಿಯಾಗಿಯೇ ಇರುತ್ತದೆ, ಎಡಬಲ ಮಾತ್ರ ಅದಲುಬದಲು. ಕೂತವರ ಫೋಟೋಗೆ ತೊಂದರೆಯಿಲ್ಲ. ಓಡುವವರನ್ನು ಹಿಂಬಾಲಿಸುವುದೆಂದರೆ ಕೈ ಒಂದು ಕಡೆ, ಚಿತ್ರ ಒಂದು ಕಡೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲಿ ಈ ಪೆಟ್ಟಿಗೆಯನ್ನು ಹಿಡಿದು ಹೋದವರಿಗೆ ಅದರ ಮಿತಿ ಗೊತ್ತಾಗುತ್ತದೆ. ಒಂದು ಕಿಲೋ ಮೀರಿದ ಭಾರ ಕುತ್ತಿಗೆಯಲ್ಲಿ, ಜನರ ತಲೆಗಳ ಮೇಲಿಂದ ತೆಗೆಯಬೇಕಾದರೆ ಕ್ಯಾಮರಾವನ್ನು ತಲೆಕೆಳಗು ಎತ್ತಿಹಿಡಿದು ಕೆಳಗಿನಿಂದ ಗಾಜನ್ನು ನೋಡಬೇಕು. ಅಪ್ಪ ಅದನ್ನೂ ಮಾಡುತ್ತಿದ್ದರು. ನೋಡುವ ಲೆನ್ಸು ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ ಆದ್ದರಿಂದ ತೀರ ಹತ್ತಿರದ ಮುಖ ತೆಗೆಯುವಾಗ ಗಾಜಿನಲ್ಲಿ ಪೂರ್ತಿ ಕಂಡ ತಲೆ ಫಿಲ್ಮಿನಲ್ಲಿ ಹಣೆಯ ಮೇಲೆ ಕತ್ತರಿಸಿ ಹೋಗಬಹುದು. ಅದನ್ನು ಬಲ್ಲವರು ಹತ್ತಿರದ ಚಿತ್ರಕ್ಕೆ ಕ್ಯಾಮರಾವನ್ನು ಎರಡು ಲೆನ್ಸಿನ ನಡುವಿನ ಅಂತರದಷ್ಟು ಮೇಲಕ್ಕೆ ಎತ್ತಿ ಹೊಡೆಯುತ್ತಾರೆ.

ಬೆಳಕಿನ ಅಳತೆಗೆ ಮೀಟರ್ ಇಲ್ಲ. ಬೇಕಾಗಿಯೂ ಇರಲಿಲ್ಲ. ನೂರಕ್ಕೆ ಸಮೀಪದ ವೇಗದ ಫಿಲ್ಮಿಗೆ ಸುಡು ಬಿಸಿಲಿನಲ್ಲಿ ಎಫ್ 16, ಸೆಕೆಂಡಿನ 125ನೇ ಒಂದು ಭಾಗ. ಮೋಡದ ನೆರಳಿಗೆ 8, ಚಪ್ಪರದೊಳಗೆ ಇನ್ನೂ ತೆರೆಯಬೇಕು. ಅಪ್ಪ ತನ್ನ ಕೈಯ ನೆರಳು ಸುಣ್ಣದ ಗೋಡೆಯ ಮೇಲೆ ಎಷ್ಟು ಗಟ್ಟಿಯಾಗಿ ಬೀಳುತ್ತದೆ ನೋಡಿ ಹೇಳುತ್ತಿದ್ದರು. ಕಪ್ಪುಬಿಳುಪು ಫಿಲ್ಮು ಸ್ವಲ್ಪ ಹೆಚ್ಚುಕಮ್ಮಿಯನ್ನು ತಾಳಿಕೊಳ್ಳುತ್ತದೆ. ತಾಳದಿದ್ದದ್ದು ನಮ್ಮ ಏಪ್ರಿಲ್ ತಿಂಗಳು. ಡೆವಲಪರ್ ಇಪ್ಪತ್ತು ಡಿಗ್ರಿಯಲ್ಲಿರಬೇಕು ಎಂದು ಪುಸ್ತಕ ಹೇಳುತ್ತದೆ, ದಾವಣಗೆರೆಯ ನಲ್ಲಿಯ ನೀರು ಮಧ್ಯಾಹ್ನ ಕೈ ಸುಡುತ್ತದೆ. ಬಿಸಿಗೆ ಎಮಲ್ಷನ್ ಮೆತ್ತಗಾಗಿ ಬೆರಳು ತಾಗಿದರೆ ಜಾರುತ್ತದೆ. ರೋಲು ತೊಳೆಯುವ ಕೆಲಸವೆಲ್ಲ ಅದಕ್ಕೇ ಬೆಳಗಿನ ಜಾವ, ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿ ತಣಿದ ನೀರಿನಲ್ಲಿ. ತುರ್ತು ಇದ್ದರೆ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಮಂಜುಗಡ್ಡೆ ತಂದು ಟ್ರೇಯ ಸುತ್ತ ಇಡುವುದು ನಮ್ಮ, ಮಕ್ಕಳ, ಕೆಲಸ.

ನಾನು ಹೆಚ್ಚು ನೆನೆಯುವುದು ಸಾವಿನ ಮನೆಯ ಫೋಟೋಗಳನ್ನು. ವೀರಶೈವ ಮನೆತನಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು. ಎಷ್ಟೋ ಮುದುಕರಿಗೆ, ಅದಕ್ಕಿಂತ ಹೆಚ್ಚಾಗಿ ಮುದುಕಿಯರಿಗೆ, ಅದೇ ಮೊದಲ ಫೋಟೋ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸ್ಟ್ಯಾಂಡು ನಿಲ್ಲಿಸಿ, ತಲೆ ಬಗ್ಗಿಸಿ ಗಾಜನ್ನು ನೋಡುತ್ತಿದ್ದರು. ಕಣ್ಣಿಗೆ ಕ್ಯಾಮರಾ ಒತ್ತಿ ಎದುರಿಗೆ ಗುರಿ ಹಿಡಿಯುವ ಭಂಗಿ ಆ ಮನೆಗಳಲ್ಲಿ ಯಾರಿಗೂ ಸೇರುತ್ತಿರಲಿಲ್ಲವೆಂದು ಕಾಣುತ್ತದೆ. ಈ ಕ್ಯಾಮರಾ ಹಿಡಿದವನು ತಾನಾಗಿ ಬಗ್ಗುತ್ತಾನೆ. ಲೆನ್ಸಿನೊಳಗಿನ ಎಲೆ ಷಟರಿನ ಸದ್ದೂ ಅಷ್ಟೇ ಕಡಿಮೆ. ಅಳುವಿನ ನಡುವೆ ಅದು ಕೇಳಿಸುವುದೇ ಇಲ್ಲ. ಒಳಗೆ ಕತ್ತಲಿದ್ದರೂ ಒಂದೆರಡು ಸೆಕೆಂಡು ತೆರೆದಿಟ್ಟರೆ ಸಾಕು, ಎದುರಿಗಿರುವವರು ಅಲುಗುವುದಿಲ್ಲ.

ಆ ನೆಗೆಟಿವ್‌ಗಳು ನನ್ನ ಡೆಸ್ಕಿಗೆ ಬರುತ್ತಿದ್ದವು. "ಕಣ್ಣು ಬಿಟ್ಟಂಗ ಮಾಡಿಕೊಡ್ರಿ" ಎಂದು ಮನೆಯವರು ಕೇಳಿರುತ್ತಿದ್ದರು. ಮುಚ್ಚಿದ ರೆಪ್ಪೆಯ ಮೇಲೆ ಕಣ್ಣಿನ ಬಿಳಿಯನ್ನು ಪೆನ್ಸಿಲಿನಿಂದ ನೆಗೆಟಿವ್‌ನಲ್ಲೇ ಕಟ್ಟುವುದು, ಪಾಪೆಯನ್ನು ಪ್ರಿಂಟಿನ ಮೇಲೆ ಕುಂಚದಿಂದ ಬರೆಯುವುದು. ಕಣ್ಣು ಹೇಗಿತ್ತೆಂದು ಕೇಳಿಕೊಂಡು ಬರುವುದಕ್ಕೆ ಅಪ್ಪ ನನ್ನನ್ನೇ ಕಳಿಸುತ್ತಿದ್ದರು, ಹೆಣ್ಣುಮಕ್ಕಳು ಹೆಣ್ಣುಮಗಳಿಗೆ ಹೇಳುತ್ತಾರೆಂದು. ಮಗಳನ್ನೋ ತಂಗಿಯನ್ನೋ ಬೆಳಕಿಗೆ ನಿಲ್ಲಿಸಿ, "ಇಕಿವು ಅವ್ವನವೇ ಕಣ್ಣು" ಎಂದು ತೋರಿಸುತ್ತಿದ್ದರು. ಆ ಕಣ್ಣನ್ನು ನೋಡಿ ಬಂದು ಈ ಕಣ್ಣು ಬರೆಯುತ್ತಿದ್ದೆ. ನನ್ನ ಕೈಯಲ್ಲಿ ಆದ ಅತ್ಯಂತ ಜವಾಬ್ದಾರಿಯ ಕೆಲಸ ಅದು. ನಾನು ಬರೆದ ಕಣ್ಣುಗಳಿಗೆ ಇವತ್ತಿಗೂ ಪ್ರತಿ ಅಮಾವಾಸ್ಯೆ ಊದಿನಕಡ್ಡಿ ಬೆಳಗುವ ಮನೆಗಳು ಹಳೇ ದಾವಣಗೆರೆಯಲ್ಲಿವೆ.

1980ರ ದಶಕದ ನಡುವಿನ ಹೊತ್ತಿಗೆ 35 ಎಂಎಂ ಬಣ್ಣದ ರೀಲು ಬಂತು. 36 ಚಿತ್ರ, ಹಗುರ ಕ್ಯಾಮರಾ, ಕಣ್ಣಿಗೆ ಹಿಡಿದರೆ ಎಡ ಎಡವೇ, ಬಲ ಬಲವೇ. ಮದುವೆಯವರಿಗೆ ಬೇಕಾದದ್ದು ಅದೇ, ಅವರು ಕೇಳಿದ್ದು ತಪ್ಪಲ್ಲ. ಆದರೆ ಆ ರೀಲಿನಲ್ಲಿ ಗುಂಪಿನೊಳಗಿನ ಮುಖ ಒಂದೆರಡು ಮಿಲಿಮೀಟರಿಗೆ ಇಳಿದಿತ್ತು. ಎಷ್ಟು ಚೂಪು ಮಾಡಿದರೂ ಪೆನ್ಸಿಲಿನ ಒಂದು ಸುರುಳಿಗೆ ಇಡೀ ಕೆನ್ನೆ ಮುಚ್ಚಿಹೋಗುತ್ತಿತ್ತು. ಟಚಿಂಗ್ ಯಾರೂ ನಿಲ್ಲಿಸಿದ್ದಲ್ಲ, ಅದಕ್ಕೆ ಜಾಗ ಉಳಿಯಲಿಲ್ಲ. ದೊಡ್ಡ ಪ್ರಿಂಟಿನ ಲೆಕ್ಕವೂ ಹಾಗೇ. ಹತ್ತಂಗುಲದ ಚೌಕಕ್ಕೆ ನಮ್ಮ ನೆಗೆಟಿವ್ ನಾಲ್ಕೂವರೆ ಪಟ್ಟು ಹಿಗ್ಗಿದರೆ ಸಾಕು, ಸಣ್ಣ ರೀಲು ಹತ್ತೂವರೆ ಪಟ್ಟು ಹಿಗ್ಗಬೇಕು. ಅಷ್ಟರಲ್ಲಿ ಮುಖದ ಮೇಲೆ ಮರಳು ಎರಚಿದಂತೆ ಕಾಳು ಕಾಣತೊಡಗುತ್ತದೆ.

ಅಷ್ಟರಲ್ಲಿ ನನ್ನ ಮದುವೆಯಾಗಿ ಹರಿಹರಕ್ಕೆ ಬಂದಿದ್ದೆ. ಯಜಮಾನರು ಮೈಸೂರು ಕಿರ್ಲೋಸ್ಕರ್‌ನಲ್ಲಿ ಟರ್ನರ್. 1941ರಲ್ಲಿ ತುಂಗಭದ್ರೆಯ ದಡದಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿಕೊಟ್ಟ ಆ ಕಾರ್ಖಾನೆಯ ಕೆಲಸಗಾರರಿಗೆ ಕಬ್ಬಿಣದ ಮೇಲಿದ್ದ ಹಿಡಿತ ಬೇರೆಯೇ ದರ್ಜೆಯದು. ಅಪ್ಪನ ಯಾಶಿಕಾದ ರೋಲು ತಿರುಗಿಸುವ ಗುಂಡಿಯ ಒಳಗಿನ ತಿರುಪು ಸವೆದು ಹಿಡಿಯದಾದಾಗ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಇವರು ಕ್ಯಾಮರಾವನ್ನು ಅಡುಗೆಮನೆಯ ಮಣೆಯ ಮೇಲೆ ಬಿಚ್ಚಿ, ಅಳತೆ ತೆಗೆದು, ಪರಿಚಯದವರ ಸಣ್ಣ ವರ್ಕ್‌ಶಾಪಿನಲ್ಲಿ ಹಿತ್ತಾಳೆಯದೊಂದು ಮಾಡಿ ತಂದು ಕೂರಿಸಿದರು. ಅದೇ ಈಗಲೂ ಇದೆ. ಷಟರಿನ ಎಲೆಗಳಿಗೆ ಹಳೆಯ ಎಣ್ಣೆ ಅಂಟಿ ನಿಧಾನವಾದರೆ ಬಿಳಿ ಪೆಟ್ರೋಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಾರೆ. ಬ್ಯಾಟರಿ ಇಲ್ಲ, ಸರ್ಕ್ಯೂಟ್ ಇಲ್ಲ, ಎಲ್ಲ ಸ್ಪ್ರಿಂಗು ಮತ್ತು ಹಲ್ಲುಗಾಲಿ. ಬುದ್ಧಿವಂತ ಟರ್ನರ್ ಒಬ್ಬ ರಿಪೇರಿ ಮಾಡಬಹುದಾದ ಯಂತ್ರ ಇದು. ಅರುವತ್ತು ದಾಟಿದ ಕ್ಯಾಮರಾ ಇನ್ನೂ ನಡೆಯುತ್ತಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು, ಕೈಗಳು ನಿಲ್ಲಲಿಲ್ಲ.

ಸ್ಟುಡಿಯೋ ಮುಚ್ಚಿದ ಮೇಲೆ ಆ ಕ್ಯಾಮರಾವನ್ನು ಅಪ್ಪ ನನಗೇ ಕೊಟ್ಟರು. ಅದನ್ನು ತೆಗೆದುಕೊಂಡು ನಾನು ಹೆಚ್ಚು ಹೋದದ್ದು ಹರಿಹರೇಶ್ವರನ ಗುಡಿಗೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಅದರ ಮಂಟಪದ ಕಂಬಗಳನ್ನು ಮೊದಲ ಸಲ ಮುಟ್ಟಿ ನೋಡಿದಾಗ ಯಜಮಾನರು, "ಇದು ತಿರುಗಿಸಿ ಕಡೆದದ್ದೇ, ಉಳಿಯಿಂದ ಹಿಂಗ ಬರಂಗಿಲ್ಲ" ಎಂದು ಬಹಳ ಹೊತ್ತು ಅಲ್ಲೇ ನಿಂತಿದ್ದರು. ಆ ಕಂಬಗಳ ಉಂಗುರಗಳ ಮೇಲೆ ಬೆಳಕು ಹೊಳಪಿನಿಂದ ಕತ್ತಲೆಗೆ ಇಳಿಯುವ ಬಗೆಯನ್ನು ಹಿಡಿಯುವುದಕ್ಕೆ ಈ ದೊಡ್ಡ ನೆಗೆಟಿವ್‌ನಷ್ಟು ತಕ್ಕದ್ದು ನಾನು ಕಂಡಿಲ್ಲ. ಎಫ್ 16ಕ್ಕೆ ಇಳಿಸಿ ಕೆಲವು ಸೆಕೆಂಡು ತೆರೆದಿಟ್ಟರೆ ಹತ್ತಿರದ ಕಂಬದ ಗೀರಿನಿಂದ ಹಿಡಿದು ಒಳಗಿನ ಗೋಡೆಯವರೆಗೆ ಎಲ್ಲ ಬರುತ್ತದೆ. ಆದರೆ ಸ್ಟ್ಯಾಂಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಸ್ಟ್ಯಾಂಡ್ ಇಲ್ಲದೆ ಈ ಕೆಲಸ ಆಗುವುದಿಲ್ಲ. ಎಫ್ 3.5 ಲೆನ್ಸಿನ ಗಾಜು ಒಳಗಿನ ಮಬ್ಬಿನಲ್ಲಿ ಬಹುತೇಕ ಕಪ್ಪಾಗಿ ಕಾಣುತ್ತದೆ, ಫೋಕಸ್ ಮಾಡಲು ಕಂಬದ ಹತ್ತಿರ ಯಾರಾದರೂ ಟಾರ್ಚ್ ಹಿಡಿಯಬೇಕು.

ಒಮ್ಮೆ ಗರ್ಭಗುಡಿಯ ಎದುರು ನಿಂತು, ಕ್ಯಾಮರಾ ತೆರೆದು, ಚಿತ್ರ ತೆಗೆಯದೆ ಗಾಜನ್ನಷ್ಟೇ ನೋಡಿದೆ. ಹರಿಹರನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಗಾಜಿನಲ್ಲಿ ಎಡಬಲ ಅದಲುಬದಲಾಗಿ ಹರ ನಿಂತ ಕಡೆ ಹರಿ, ಹರಿ ನಿಂತ ಕಡೆ ಹರ. ಎಷ್ಟೋ ವರ್ಷ ಆ ಗಾಜಿನ ದೋಷ ಎಂದುಕೊಂಡದ್ದನ್ನು ಆ ಹೊತ್ತು ದೋಷ ಎನ್ನಲು ಮನಸ್ಸು ಬರಲಿಲ್ಲ.

ಇದೇ ಗುಡಿಯ ಚಿತ್ರವನ್ನು ಡಾ. ವಿಲಿಯಂ ಹೆನ್ರಿ ಪಿಗೂ ಎಂಬ ಬ್ರಿಟಿಷ್ ವೈದ್ಯರು 1850ರ ದಶಕದಲ್ಲೇ ತೆಗೆದಿದ್ದರು. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಪುಸ್ತಕದಲ್ಲಿ ಅವರು ತೆಗೆದ ಚಿತ್ರಗಳಿವೆ. ಹಿಗ್ಗಿಸುವ ರೂಢಿ ಇಲ್ಲದ ಕಾಲ. ಪ್ರಿಂಟು ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದು. ಅವುಗಳಲ್ಲಿ ಒಂದೊಂದು ಕಲ್ಲಿನ ಸಂದೂ ಎಣಿಸಲು ಸಿಗುತ್ತದೆ. ಅದರ ಎದುರು ನನ್ನ 56 ಮಿಲಿಮೀಟರ್ ಯಾವ ಲೆಕ್ಕ ಎಂದು ಅನ್ನಿಸಿದರೂ, ಆ ಕ್ಯಾಮರಾಗಳಿಗೆ ಹೊರುವ ಆಳುಗಳು ಬೇಕಿತ್ತು. ನನ್ನದು ಹರಿಹರದ ಸಂತೆ ಚೀಲದಲ್ಲಿ ಹಿಡಿಯುತ್ತದೆ.

ಅಪ್ಪನ ನೆಗೆಟಿವ್‌ಗಳೂ ನನ್ನ ಬಳಿಯೇ ಇವೆ, ಬಿಲ್ ನಂಬರಿನ ಪ್ರಕಾರ ಲಕೋಟೆಗಳಲ್ಲಿ. ಸ್ಟುಡಿಯೋ ಮುಚ್ಚುವ ಹೊತ್ತಿಗೆ ಫಿಲ್ಮು ತೊಳೆದುಳಿದ ಹಳೇ ಹೈಪೋ ದ್ರಾವಣ ಕೊಳ್ಳುವವರು ಬಂದು ನೆಗೆಟಿವ್‌ಗಳನ್ನೂ ತೂಕಕ್ಕೆ ಕೇಳಿದ್ದರು; ಎರಡರಿಂದಲೂ ಬೆಳ್ಳಿ ತೆಗೆಯುತ್ತಾರೆ. ಎಷ್ಟೋ ಊರುಗಳ ಮುಖಗಳು ಹಾಗೆ ಕರಗಿ ಹೋಗಿವೆ. ಅಪ್ಪ ಕೊಡಲಿಲ್ಲ. ಇಟ್ಟುಕೊಂಡರೂ ಅವು ತಾವಾಗಿ ಉಳಿಯುವುದಿಲ್ಲ. ಫಿಲ್ಮಿನ ಅಸಿಟೇಟ್ ಸೆಕೆ ಮತ್ತು ತೇವಕ್ಕೆ ಕೊಳೆತು ವಿನೆಗರ್ ವಾಸನೆ ಹೊಡೆಯುತ್ತದೆ, ಸುರುಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಚೀಲ ಬಿಟ್ಟು ಕಾಗದದ ಲಕೋಟೆಗಳಲ್ಲಿ, ಮನೆಯ ತಂಪು ಕೋಣೆಯಲ್ಲಿ ಇಟ್ಟು, ಮಳೆಗಾಲ ಕಳೆದ ಮೇಲೆ ಒಂದು ದಿನ ಗಾಳಿಗೆ ತೆರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ದಾವಣಗೆರೆಯಿಂದ ಒಬ್ಬ ಹೆಣ್ಣುಮಗಳು ಮನೆ ಹುಡುಕಿಕೊಂಡು ಬಂದಳು. ಅವಳ ತಾಯಿಯದು ಮದುವೆಗೆ ಮುಂಚೆ ಗಂಡಿನ ಕಡೆಗೆ ಕಳಿಸಲು ನಮ್ಮಲ್ಲಿ ತೆಗೆಸಿದ ಫೋಟೋ. ಮನೆಯಲ್ಲಿದ್ದ ಪ್ರಿಂಟು ಸೋರಿದ ನೀರಿಗೆ ಹಾಳಾಗಿತ್ತು. ಹಿಂದಿನ ಬಿಲ್ ನಂಬರು ಮಾತ್ರ ಓದಲು ಬರುತ್ತಿತ್ತು. ನೆಗೆಟಿವ್ ಸಿಕ್ಕಿತು, ತಮ್ಮನ ಮಗಳು ಅದನ್ನು ಲೈಟಿನ ಹಲಗೆಯ ಮೇಲಿಟ್ಟು ತನ್ನ ಡಿಜಿಟಲ್ ಕ್ಯಾಮರಾದಲ್ಲಿ ತೆಗೆದು ಕಂಪ್ಯೂಟರಿನಲ್ಲಿ ತೋರಿಸಿದಳು. ಆಕೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವನ ಮುಖದಾಗ ಸಿಡುಬಿನ ಕಲೆ ಇದ್ದುವಲ್ರಿ ಅಕ್ಕಾರ" ಅಂದಳು. ನಮ್ಮ ದೇಶದಲ್ಲಿ ಸಿಡುಬು ಕೊನೆಯದಾಗಿ ಕಂಡದ್ದು 1975ರಲ್ಲಿ. ಆ ಕಾಲದಲ್ಲಿ ಸಂಬಂಧ ನೋಡುವ ಫೋಟೋ ಎಂದರೆ ಕಲೆ ತೆಗೆಯುವುದು ಹೇಳದೆಯೇ ಮಾಡುವ ಕೆಲಸವಾಗಿತ್ತು. ನೆಗೆಟಿವನ್ನು ಓರೆ ಹಿಡಿದಾಗ ಎರಡೂ ಕೆನ್ನೆಯ ಮೇಲೆ ನನ್ನ ಸೀಸದ ಹೊಳಪು ಕಂಡಿತು. ಹತ್ತಿಗೆ ಟರ್ಪೆಂಟೈನ್ ಹಾಕಿ ಮೆಲ್ಲಗೆ ಒರೆಸಿದೆ. ಆ ಅಂಟು ದ್ರವ, ಸೀಸ, ಎರಡೂ ಬಿಟ್ಟುಬಂದವು. ಮತ್ತೆ ತೆಗೆದ ಚಿತ್ರದಲ್ಲಿ ಒಂದೊಂದು ಕುಳಿಯೂ ತನ್ನ ನೆರಳಿನ ಸಮೇತ ಇತ್ತು, ಹತ್ತೊಂಬತ್ತರ ಹುಡುಗಿಯ ಮುಖ, ಮಗಳು ಬಲ್ಲ ಮುಖ. ಅಣ್ಣತಮ್ಮಂದಿರಿಗೆಂದು ಆಕೆ ಪ್ರತಿಗಳನ್ನು ಕೇಳಿ ಬರೆಸಿ ಹೋದಳು, ಎಲ್ಲವೂ ಕಲೆ ಇರುವುದೇ. ಕಂಪ್ಯೂಟರಿನಲ್ಲಿ ತಿದ್ದುವವರು ಮೂಲವನ್ನು ಉಳಿಸಿಕೊಳ್ಳುವುದು ಒಳ್ಳೆಯದೆಂದು ಈಗ ಹೇಳುತ್ತಾರೆ. ನಮ್ಮ ಪೆನ್ಸಿಲ್ ಕೆಲಸದಲ್ಲಿ ಅದು ತಾನಾಗಿ ಉಳಿದಿತ್ತು.

ಅದನ್ನೆಲ್ಲ ಪಕ್ಕದಲ್ಲಿ ನಿಂತು ನೋಡಿದವಳು ತಮ್ಮನ ಮಗಳು. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿದವಳು. "ಅತ್ತೆ, ನಾನೂ ಒಂದು ಇಂಥಾದ್ದು ತಗಳ್ಲಾ?" ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮದುವೆ, ಮಕ್ಕಳ ಆಟ, ಹಕ್ಕಿ, ಜಾತ್ರೆ ನಿನ್ನ ವಿಷಯವಾದರೆ ಬೇಡ; ನಿನ್ನ ಡಿಜಿಟಲ್ಲೇ ಅದಕ್ಕೆ ಸರಿ. ಖರ್ಚನ್ನು ನೋಡು: ಕಪ್ಪುಬಿಳುಪು ರೋಲೇ ಇಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿದೆ, ಹನ್ನೆರಡು ಚಿತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಎಷ್ಟಾಯಿತು ಎಣಿಸು. ಕೊಳ್ಳುವ ಮುಂಚೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಬೂಷ್ಟು ಹಿಡಿದಿದೆಯೇ ನೋಡು, ಜೇಡರ ಎಳೆಯಂಥ ಗೆರೆಗಳು ಕಂಡರೆ ವಾಪಸ್ ಕೊಡು. ಒಂದು ಸೆಕೆಂಡಿಗೆ ಇಟ್ಟು ಷಟರ್ ಬಿಟ್ಟು ಕಿವಿಗೊಟ್ಟು ಕೇಳು, ಎಳೆದಾಡಿದರೆ ಎಣ್ಣೆ ಒಣಗಿದೆ. ಮೀಟರ್ ಇರುವ ಕೆಲವು ಮಾದರಿಗಳಿಗೆ ಬೇಕಾದ ಹಳೆಯ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಮೀಟರ್ ನಡೆಯುತ್ತದೆಂದು ಹೆಚ್ಚು ದುಡ್ಡು ಕೊಡಬೇಡ. ಕೂತು ಮಾತಾಡುವ ಜನರನ್ನು, ನಿಂತ ಕಟ್ಟಡಗಳನ್ನು, ಇನ್ನೊಬ್ಬರು ಐವತ್ತು ವರ್ಷ ಬಿಟ್ಟು ತೆರೆದು ನೋಡಬೇಕಾದ್ದನ್ನು ತೆಗೆಯುವವಳಾದರೆ ಮಾತ್ರ ತಗೋ.

ಅವಳು ಬೇರೆ ಕೊಳ್ಳಲಿಲ್ಲ, ಅಜ್ಜನದನ್ನೇ ಒಯ್ದಳು. ಹರಿಹರದ ಯಂತ್ರಾಪುರದಲ್ಲೂ ಸುತ್ತಲಿನ ಬಡಾವಣೆಗಳಲ್ಲೂ ಉಳಿದಿರುವ ನಿವೃತ್ತ ಕಾರ್ಖಾನೆ ಕೆಲಸಗಾರರನ್ನು ಅವರವರ ಮನೆ ಜಗಲಿಯಲ್ಲಿ ಕೂರಿಸಿ ತೆಗೆಯುತ್ತಿದ್ದಾಳೆ. ನೇರ ಮುಖದ್ದೊಂದು, ಕೈಗಳದ್ದೊಂದು. ಕೈಗಳನ್ನು ತೆಗೆಯಬೇಕೆಂಬುದು ಅವಳದೇ ಯೋಚನೆ. ಬಣ್ಣದ ರೋಲನ್ನು ತೊಳೆಯಲು ಬೆಂಗಳೂರಿಗೆ ಕೊರಿಯರ್ ಮಾಡಬೇಕಾದ್ದರಿಂದ ಅದರ ಗೊಡವೆಗೆ ಹೋಗಿಲ್ಲ. ಕಪ್ಪುಬಿಳುಪನ್ನು ಭಾನುವಾರ ಬೆಳಿಗ್ಗೆ ನಮ್ಮ ಬಚ್ಚಲಮನೆಯಲ್ಲೇ ತೊಳೆಯುತ್ತೇವೆ; ಒಣಗಿದ ಪಟ್ಟಿಗಳನ್ನು ಕತ್ತರಿಸಿ ಅಪ್ಪನ ರಿಜಿಸ್ಟರಿನಲ್ಲಿ ನಿಂತ ನಂಬರಿನಿಂದಲೇ ಮುಂದುವರಿಸಿ ಲಕೋಟೆಗೆ ಹಾಕುತ್ತಿದ್ದೇವೆ.